ಕೊಟ್ಟ ಮಾತು, ಕೈಯಲ್ಲಿನ ಚೀಟಿ



ದರ್ಜಿಯವರಿಗೆ ಬಟ್ಟೆ ಕೊಟ್ಟಾಗ ಅವರು ಅಳತೆ ತೆಗೆದು ಒಂದು ಚೀಟಿ ಹರಿದು ಕೊಡುತ್ತಾರಲ್ಲವೇ? ಅಂಗಿ ಇನ್ನೂ ಹೊಲಿದಿಲ್ಲ. ಆದರೂ ಅದು ಬರುತ್ತದೆ ಎಂಬುದಕ್ಕೆ ಆ ಚೀಟಿಯೇ ಆಧಾರ. ನೀವು ಅಂಗಡಿಯ ಬೆಂಚಿನ ಮೇಲೆ ಕಾದು ಕೂರದೆ ಬೇರೆ ಕೆಲಸಕ್ಕೆ ಹೋಗುತ್ತೀರಿ.

ಕಂಪ್ಯೂಟರಿನೊಳಗೂ ಇಂಥದೇ ಏರ್ಪಾಡು ಉಂಟು. ಡಿಸ್ಕಿನಿಂದ ಕಡತ ಓದುವುದು, ದೂರದ ಯಂತ್ರದಿಂದ ಉತ್ತರ ತರಿಸುವುದು, ಇವೆಲ್ಲ ಪ್ರೊಸೆಸರಿನ ವೇಗಕ್ಕೆ ಹೋಲಿಸಿದರೆ ಆಮೆನಡಿಗೆಯ ಕೆಲಸಗಳು. ಮುಂದೆ ಬರಲಿರುವ ಫಲದ ಬದಲಿಗೆ ಈಗ ಕೈಗೆ ಸಿಗುವ ಗುರುತಿಗೆ 1976ರಲ್ಲಿ ಡೇನಿಯಲ್ ಫ್ರೀಡ್‌ಮನ್ ಮತ್ತು ಡೇವಿಡ್ ವೈಸ್ ‘ಪ್ರಾಮಿಸ್’, ಅಂದರೆ ಕೊಟ್ಟ ಮಾತು, ಎಂದು ಹೆಸರಿಟ್ಟರು. 1988ರಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಲ್ಯೂಬಾ ಶ್ರೀರಾ ಇದನ್ನು ಯಂತ್ರ ಯಂತ್ರಗಳ ನಡುವಿನ ಕರೆಗಳಿಗೆ ಅಳವಡಿಸಿ ತೋರಿಸಿದರು. ಸಿ ಪ್ಲಸ್ ಪ್ಲಸ್ ಭಾಷೆಯ 2011ರ ಮಾನಕದಲ್ಲಿ ಇದಕ್ಕೆ ಅಧಿಕೃತ ಸ್ಥಾನ ದೊರೆಯಿತು.

ಆ ಭಾಷೆಯಲ್ಲಿ ಇದಕ್ಕೆ ಎರಡು ತುದಿಗಳು. ‘ಪ್ರಾಮಿಸ್’ ಕೆಲಸ ಮಾಡುವವನ ಬಳಿ ಇರುತ್ತದೆ. ‘ಫ್ಯೂಚರ್’ ಎಂಬ ಚೀಟಿ ಫಲ ಬೇಕಾದವನ ಬಳಿ. ‘ಗೆಟ್’ ಎಂದು ಚೀಟಿ ಒಪ್ಪಿಸಿದರೆ ಫಲ ಸಿಗುತ್ತದೆ. ಸಿದ್ಧವಾಗಿರದಿದ್ದರೆ ಕೇಳಿದ ಥ್ರೆಡ್ ಅಲ್ಲಿಯೇ ನಿಂತುಬಿಡುತ್ತದೆ. ಆದ್ದರಿಂದ ಚೀಟಿ ಪಡೆದ ಕೂಡಲೇ ‘ಗೆಟ್’ ಎನ್ನುವುದು ಬೆಂಚಿನ ಮೇಲೆ ಕುಳಿತಂತೆಯೇ ಸರಿ. ನಡುವೆ ಬೇರೆ ಕೆಲಸ ಮುಗಿಸಿಕೊಂಡರೆ ಮಾತ್ರ ಲಾಭ. ಚೀಟಿಯನ್ನು ಒಪ್ಪಿಸುವುದೂ ಒಂದೇ ಬಾರಿ.

ಇನ್ನು, ಮಾತು ತಪ್ಪಿದರೆ? ಬಟ್ಟೆ ಇಸ್ತ್ರಿಯಲ್ಲಿ ಸುಟ್ಟುಹೋದರೆ ದರ್ಜಿ ಅದನ್ನು ಹೇಳಬೇಕಷ್ಟೆ. ಪ್ರಾಮಿಸ್‌ನಲ್ಲಿಯೂ ಫಲದ ಬದಲು ‘ಈ ದೋಷವಾಯಿತು’ ಎಂಬ ಸುದ್ದಿಯನ್ನೇ ಇಡಬಹುದು. ಅದು ‘ಗೆಟ್’ ಎಂದವನಿಗೆ ತಲುಪುತ್ತದೆ. ಏನನ್ನೂ ಇಡದೆ ಪ್ರಾಮಿಸ್ ನಾಶವಾದರೆ ಭಾಷೆಯೇ ‘ಮಾತು ಮುರಿಯಿತು’ ಎಂಬ ದೋಷವನ್ನು ಕಳುಹಿಸುತ್ತದೆ.

ನಿಜವಾದ ಅಪಾಯ ಬೇರೊಂದಿದೆ. ಅಂಗಡಿ ಮುಚ್ಚಿಲ್ಲ, ಹೊಲಿಗೆಯೂ ಇಲ್ಲ, ಉತ್ತರವೂ ಇಲ್ಲ! ಆಗ ಕಾಯುವ ಥ್ರೆಡ್‌ಗೆ ಬಿಡುಗಡೆಯೇ ಇಲ್ಲ. ಅದು ಟಿಕೆಟ್ ಕೊಡುವ ಕಿಟಕಿಯ ಯಂತ್ರವಾದರೆ ಪರದೆ ಸ್ತಬ್ಧವಾಗಿ ನಿಲ್ಲುತ್ತದೆ, ಹೊರಗೆ ಸಾಲು ಬೆಳೆಯುತ್ತದೆ. ಇದಕ್ಕೆಂದೇ ‘ವೇಟ್ ಫಾರ್’ ಎಂಬ ಸೌಲಭ್ಯವಿದೆ: ಇಷ್ಟು ಹೊತ್ತು ಕಾಯುತ್ತೇನೆ, ಆಮೇಲೆ ಬೇರೆ ದಾರಿ ನೋಡುತ್ತೇನೆ ಎಂದು ಗಡುವು ಹಾಕಬಹುದು.

ಪ್ರೋಗ್ರಾಂ ಬರೆಯಲು ಕಲಿಯುತ್ತಿರುವ ಕಿರಿಯರೇ, ಮಾತು ಕೊಡುವ ಸಾಲನ್ನು ಬರೆಯುವುದು ಸುಲಭ. ಆಗದಿದ್ದಾಗ ‘ಆಗಲಿಲ್ಲ’ ಎಂದು ತಿಳಿಸುವ ಸಾಲನ್ನೂ ಅದರ ಜೊತೆಯಲ್ಲೇ ಬರೆಯಿರಿ. ಕಾಯುತ್ತಿರುವವರಿಗೆ ಮೌನಕ್ಕಿಂತ ಅದೇ ಮೇಲು.