ಒಂದು ಲೀಟರ್ ನೀರು ಒಣಗಿಸಲು ಎಷ್ಟು ರೂಪಾಯಿ?

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ತಂತ್ರಜ್ಞಾನದ ಬಗ್ಗೆ ಏನಾದರೂ ಮಾತನಾಡಿ ಎಂದು ಕಾರ್ಯದರ್ಶಿಯವರು ಕೇಳಿದಾಗ, ನಾನು ಎಐ ಬಗ್ಗೆ ಮಾತಾಡುತ್ತೇನೆ ಅಂತ ಅವರು ಅಂದುಕೊಂಡಿರಬೇಕು. ಐಟಿಯವರು ಅಂದಮೇಲೆ ಅದೇ ನಿರೀಕ್ಷೆ. ಆದರೆ ಹೊರಗೆ ಮಳೆ ನೋಡಿ. ಇಲ್ಲಿ ಕೂತಿರುವ ಎಷ್ಟು ಜನರ ಮನೆಯಲ್ಲಿ ಈ ಕ್ಷಣ ಕುರ್ಚಿಯ ಬೆನ್ನಿನ ಮೇಲೆ, ಬಾಗಿಲ ಹಿಡಿಕೆಯ ಮೇಲೆ ಒದ್ದೆ ಬಟ್ಟೆ ನೇತಾಡುತ್ತಿವೆ? ಕೈ ಎತ್ತಬೇಡಿ, ನನಗೆ ಗೊತ್ತು. ಹಾಗಾಗಿ ಇವತ್ತು ಬಟ್ಟೆ ಒಣಗಿಸುವ ಯಂತ್ರ, ಅಂದರೆ ಡ್ರೈಯರ್‌ನ ಖರ್ಚಿನ ಬಗ್ಗೆ ಮಾತಾಡೋಣ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮಲ್ಲಿ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್‌ನ ಎರಡನೇ ತೊಟ್ಟಿಯನ್ನೂ ‘ಡ್ರೈಯರ್’ ಅಂತಲೇ ಕರೆಯುತ್ತೇವೆ. ಅದು ಬಟ್ಟೆಯನ್ನು ಗಿರ್ರನೆ ತಿರುಗಿಸಿ ನೀರು ಹಿಂಡುತ್ತದೆ, ಅಷ್ಟೇ. ಟಾಪ್ ಲೋಡ್ ಮಷಿನ್‌ಗಳಲ್ಲಿ ‘ಏರ್ ಡ್ರೈ’ ಅಂತ ಒಂದು ಗುಂಡಿ ಇರುತ್ತದೆ, ಅದೂ ಸುಮಾರು ಅದೇ ಜಾತಿ. ನಾನು ಹೇಳುತ್ತಿರುವುದು ಬಿಸಿ ಗಾಳಿಯಲ್ಲಿ ಬಟ್ಟೆ ಹೊರಳಿಸಿ, ಮಡಚಿ ಕಪಾಟಿನಲ್ಲಿ ಇಡುವಷ್ಟು ಒಣಗಿಸುವ ಟಂಬಲ್ ಡ್ರೈಯರ್ ಬಗ್ಗೆ.

ಈ ಯಂತ್ರದ ಮಾತು ಮನೆಯಲ್ಲಿ ಎತ್ತಿದ ಕೂಡಲೇ ಬರುವ ಉತ್ತರ ಏನು? “ಕರೆಂಟ್ ಬಿಲ್ ಎಷ್ಟು ಬರುತ್ತೆ ಗೊತ್ತಾ?” ಅಲ್ಲಿಗೆ ಮಾತು ಮುಗಿಯಿತು. ಕೆಲವು ಮನೆಗಳಲ್ಲಿ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಗಾದೆಯೂ ಬರುತ್ತದೆ. ಕೇಳಿದವರಿಗೂ ಲೆಕ್ಕ ಗೊತ್ತಿಲ್ಲ, ತಳ್ಳಿಹಾಕಿದವರಿಗೂ ಗೊತ್ತಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ ಕೊಡುತ್ತಾರೆ ಅಂತ ಬಂತು. ಬಟ್ಟೆ ಒಣಹಾಕುವುದು, ಮಳೆ ಬಂತೆಂದು ಓಡಿ ತೆಗೆಯುವುದು, ಮತ್ತೆ ಫ್ಯಾನ್ ಕೆಳಗೆ ಹರಡುವುದು, ಮುಗ್ಗಲು ವಾಸನೆ ಬಂತೆಂದು ಮತ್ತೆ ತೊಳೆಯುವುದು ಎಲ್ಲ ಆ 299ರೊಳಗೇ ಬರುತ್ತದೆ. ಅದಕ್ಕೆ ಬಿಲ್ ಬರುವುದಿಲ್ಲ, ಹಾಗಾಗಿ ಅದು ಖರ್ಚು ಅಂತ ಯಾರಿಗೂ ಅನಿಸುವುದಿಲ್ಲ.

ಸರಿ, ಲೆಕ್ಕಕ್ಕೆ ಬರೋಣ. ಡ್ರೈಯರ್ ಒಣಗಿಸುವುದು ಬಟ್ಟೆಯನ್ನಲ್ಲ, ನೀರನ್ನು. ಹಾಗಾಗಿ ಕಿಲೋ ಬಟ್ಟೆಗೆ ಎಷ್ಟು ಅಂತ ಕೇಳಬೇಡಿ, ಲೀಟರ್ ನೀರಿಗೆ ಎಷ್ಟು ಅಂತ ಕೇಳಿ. 5 ಕಿಲೋ ಹತ್ತಿ ಬಟ್ಟೆಯನ್ನು 1000 ಆರ್‌ಪಿಎಂ ವೇಗದಲ್ಲಿ ಹಿಂಡಿದರೆ, ಬಟ್ಟೆಯ ತೂಕದ ಸುಮಾರು 60 ಶೇಕಡಾ ನೀರು ಇನ್ನೂ ಅದರಲ್ಲಿ ಉಳಿದಿರುತ್ತದೆ. ಅಂದರೆ 3 ಲೀಟರ್. ಒಂದು ಲೀಟರ್ ನೀರನ್ನು ಆವಿ ಮಾಡಲು ಪ್ರಕೃತಿ ಕೇಳುವ ಬೆಲೆ ಸುಮಾರು ಮೂರನೇ ಎರಡು ಯೂನಿಟ್ ವಿದ್ಯುತ್ತಿನಷ್ಟು ಶಾಖ. ಇದರಲ್ಲಿ ಯಾವ ಕಂಪನಿಯೂ ಚೌಕಾಸಿ ಮಾಡಲಾರದು. ವ್ಯತ್ಯಾಸ ಬರುವುದು ಆ ಶಾಖವನ್ನು ಎಲ್ಲಿಂದ ತರುತ್ತೀರಿ, ಆಮೇಲೆ ಎಲ್ಲಿಗೆ ಚೆಲ್ಲುತ್ತೀರಿ ಅನ್ನುವುದರಲ್ಲಿ.

ಎಲ್ಲಕ್ಕಿಂತ ಸರಳವಾದದ್ದು ವೆಂಟೆಡ್ ಡ್ರೈಯರ್. ಕೋಣೆಯ ಗಾಳಿಯನ್ನು ಎಳೆದುಕೊಂಡು, ಹೀಟರ್‌ನಲ್ಲಿ ಕಾಯಿಸಿ, ಬಟ್ಟೆಯ ಮೂಲಕ ಹಾಯಿಸಿ, ಒದ್ದೆ ಗಾಳಿಯನ್ನು ಕೊಳವೆಯಲ್ಲಿ ಕಿಟಕಿಯ ಹೊರಗೆ ಬಿಡುತ್ತದೆ. ಕಾಯಿಸಿದ ಶಾಖವೆಲ್ಲ ಹೊರಗೆ ಹೋಯಿತು. ಡ್ರಮ್ಮು, ಬಟ್ಟೆ ಬಿಸಿಯಾಗುವ ನಷ್ಟವೂ ಸೇರಿ ಒಂದು ಲೀಟರ್‌ಗೆ ಹೆಚ್ಚುಕಡಿಮೆ ಒಂದು ಯೂನಿಟ್ ಅಂತ ಇಟ್ಟುಕೊಳ್ಳಿ. ಕಂಡೆನ್ಸರ್ ಡ್ರೈಯರ್‌ನಲ್ಲೂ ಹೀಟರ್ ಇದೆ, ಆದರೆ ಕೊಳವೆ ಇಲ್ಲ. ಒದ್ದೆ ಗಾಳಿಯನ್ನು ಒಳಗೇ ತಣಿಸಿ ನೀರನ್ನು ಡಬ್ಬಿಗೆ ಇಳಿಸುತ್ತದೆ. ಖರ್ಚು ಅಷ್ಟೇ, ಲೀಟರ್‌ಗೆ ಸುಮಾರು ಒಂದು ಯೂನಿಟ್. ಶಾಖ ಮಾತ್ರ ಕಿಟಕಿಯ ಹೊರಗಲ್ಲ, ನಿಮ್ಮ ಕೋಣೆಯೊಳಗೇ ಬಂದು ಬೀಳುತ್ತದೆ.

ಮೂರನೆಯದು ಹೀಟ್ ಪಂಪ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮಲ್ಲಿ ಅನೇಕರು ಕರಾವಳಿಯ ಕಡೆಯವರು. ಊರಿನಲ್ಲಿ ಆಟಿಯ ಮಳೆಗೆ ಬಟ್ಟೆ ಎಲ್ಲಿ ಒಣಗಿಸುತ್ತಿದ್ದರು? ಬಚ್ಚಲಿನ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಒಲೆ ಹೊತ್ತಿಸಿದ್ದು ಸ್ನಾನದ ನೀರಿಗೆ, ಬಟ್ಟೆ ಒಣಗಿದ್ದು ವ್ಯರ್ಥವಾಗಬೇಕಿದ್ದ ಶಾಖದಲ್ಲಿ. ಶಾಲೆಗೆ ಹೋದಾಗ ಅಂಗಿಯೆಲ್ಲ ಹೊಗೆ ವಾಸನೆ ಹೊಡೆಯುತ್ತಿತ್ತು ಅನ್ನುವುದು ಬೇರೆ ಮಾತು. ಹೀಟ್ ಪಂಪ್ ಮಾಡುವುದೂ ಇದನ್ನೇ, ಶಾಖವನ್ನು ಬಿಸಾಡದೆ ಮತ್ತೆ ಬಳಸುವುದು. ಅದರೊಳಗೆ ಫ್ರಿಜ್‌ನಲ್ಲಿರುವಂಥ ಕಂಪ್ರೆಸರ್ ಇದೆ. ಫ್ರಿಜ್‌ನ ಒಳಗೆ ತಣ್ಣಗೆ, ಹಿಂದುಗಡೆ ಬೆಚ್ಚಗೆ ಇರುತ್ತದಲ್ಲವೇ? ಇಲ್ಲಿ ತಣ್ಣನೆಯ ಭಾಗ ಒದ್ದೆ ಗಾಳಿಯಿಂದ ನೀರನ್ನು ಕಸಿದುಕೊಳ್ಳುತ್ತದೆ, ಜೊತೆಗೆ ಅದರ ಶಾಖವನ್ನೂ. ಅದೇ ಶಾಖವನ್ನು ಬಿಸಿ ಭಾಗದಲ್ಲಿ ಮತ್ತೆ ಗಾಳಿಗೆ ಕೊಟ್ಟು ಬಟ್ಟೆಯ ಕಡೆಗೆ ಕಳಿಸುತ್ತದೆ. ಹಾಗಾಗಿ ಲೀಟರ್‌ಗೆ ಸುಮಾರು 0.4 ಯೂನಿಟ್ ಸಾಕು. ಗಾಳಿ ಅಷ್ಟೊಂದು ಬಿಸಿ ಇರುವುದಿಲ್ಲ, ಸುಮಾರು 50 ಡಿಗ್ರಿ. ಬಟ್ಟೆಗೆ ಒಳ್ಳೆಯದು, ಆದರೆ ಸಮಯ ಹೆಚ್ಚು. ಒಂದೂವರೆ ಗಂಟೆಯ ಕೆಲಸಕ್ಕೆ ಎರಡೂವರೆ ಗಂಟೆ ತೆಗೆದುಕೊಳ್ಳುವುದುಂಟು.

ಒಂದೇ ಡ್ರಮ್ಮಿನಲ್ಲಿ ತೊಳೆದು ಒಣಗಿಸುವ ವಾಷರ್ ಡ್ರೈಯರ್ ಮುಂಬೈಯ ಫ್ಲ್ಯಾಟಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಜಾಗ ಉಳಿಯುತ್ತದೆ, ನಿಜ. ಆದರೆ 8 ಕಿಲೋ ತೊಳೆದರೆ ಒಂದೇ ಸಲಕ್ಕೆ 5 ಕಿಲೋ ಆಸುಪಾಸು ಮಾತ್ರ ಒಣಗಿಸಬಲ್ಲದು. ಉಳಿದದ್ದನ್ನು ತೆಗೆದು ಪಕ್ಕಕ್ಕಿಡಬೇಕು. ಅನೇಕ ಮಾದರಿಗಳಲ್ಲಿ ಆವಿಯನ್ನು ತಣಿಸಲು ನಲ್ಲಿಯ ನೀರನ್ನೇ ಹರಿಸುತ್ತಾರೆ. ಬಟ್ಟೆ ಒಣಗಿಸಲು ಹತ್ತಾರು ಲೀಟರ್ ನೀರು! ಟ್ಯಾಂಕರ್ ತರಿಸುವ ಸೊಸೈಟಿಗಳಲ್ಲಿ ಇರುವವರು ಇದನ್ನು ಕೇಳಿಯೇ ಕೊಳ್ಳಿ.

ಈಗ ರೂಪಾಯಿಗೆ ಇಳಿಸೋಣ. ಲೆಕ್ಕ ಸುಲಭವಾಗಲಿ ಅಂತ ಯೂನಿಟ್‌ಗೆ 10 ರೂಪಾಯಿ ಹಿಡಿಯುತ್ತೇನೆ, ನಿಮ್ಮ ದರವನ್ನು ನಿಮ್ಮ ಬಿಲ್ಲಿನಲ್ಲಿ ನೋಡಿಕೊಳ್ಳಿ. 5 ಕಿಲೋ ಬಟ್ಟೆ, 3 ಲೀಟರ್ ನೀರು: ವೆಂಟೆಡ್ ಅಥವಾ ಕಂಡೆನ್ಸರ್‌ನಲ್ಲಿ 30 ರೂಪಾಯಿ, ವಾಷರ್ ಡ್ರೈಯರ್‌ನಲ್ಲಿ 35ರ ಹತ್ತಿರ, ಹೀಟ್ ಪಂಪ್‌ನಲ್ಲಿ 12. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ನಾಲ್ಕು ಸಲ ಅಂದರೆ ಸುಮಾರು 70 ಸಲ. ಹೀಟರ್ ಇರುವ ಯಂತ್ರಕ್ಕೆ ಇಡೀ ಮಳೆಗಾಲಕ್ಕೆ 2100 ರೂಪಾಯಿ, ಹೀಟ್ ಪಂಪ್‌ಗೆ 840.

ಈಗ ಅಂಗಡಿಯವನ ಮಾತು ಕೇಳಿ. “ಮೇಡಂ, ಹೀಟ್ ಪಂಪ್ ತಗೊಳ್ಳಿ, ಕರೆಂಟ್‌ನಲ್ಲೇ ದುಡ್ಡು ವಾಪಸ್ ಬರುತ್ತೆ.” ಬರುತ್ತದೆಯೇ? ಉಳಿತಾಯ ವರ್ಷಕ್ಕೆ 1260 ರೂಪಾಯಿ. ಎರಡರ ಬೆಲೆಯ ಅಂತರ 25,000 ಆಗಿದ್ದರೆ ಆ ಹಣ ವಾಪಸ್ ಬರಲು 20 ವರ್ಷ ಬೇಕು. ಯಂತ್ರ ಅಷ್ಟು ದಿನ ಬಾಳುತ್ತದೆಂದು ನಾನಂತೂ ನಂಬುವುದಿಲ್ಲ. ಸ್ವಿಟ್ಜರ್ಲೆಂಡ್ 2012ರಲ್ಲೇ ಹೀಟ್ ಪಂಪ್‌ನಷ್ಟು ದಕ್ಷತೆ ಇಲ್ಲದ ಡ್ರೈಯರ್‌ಗಳ ಮಾರಾಟ ನಿಲ್ಲಿಸಿತು. ಅಲ್ಲಿನ ಚಳಿಯಲ್ಲಿ ಬಳಕೆ ಹೆಚ್ಚು, ಅವರಿಗೆ ಅದು ಸರಿ. ನಮಗೆ ಎಂಟು ತಿಂಗಳು ಬಿಸಿಲು ಪುಕ್ಕಟೆ. ಮಳೆಗಾಲಕ್ಕೆ ಮಾತ್ರ ಬೇಕೆನ್ನುವವರು, ಯುಟಿಲಿಟಿ ಬಾಲ್ಕನಿಯೂ ಕೊಳವೆ ಬಿಡಲು ಜಾಗವೂ ಇದ್ದವರು, ಸಾಧಾರಣ ವೆಂಟೆಡ್ ಡ್ರೈಯರ್ ಕೊಂಡರೆ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ಎಲ್ಲರ ಮನೆ ಒಂದೇ ಥರ ಇರುವುದಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಕಾಣಬಾರದು ಅಂತ ನಿಯಮ ಮಾಡಿದ ಸೊಸೈಟಿಗಳಿವೆ. ಚಿಕ್ಕ ಮಗು ಇರುವ ಮನೆ, ಹಾಸಿಗೆ ಹಿಡಿದ ಹಿರಿಯರಿರುವ ಮನೆ ಇವೆ. ಅಂಥಲ್ಲಿ ವರ್ಷಕ್ಕೆ 200 ಸಲ ಬಳಸಿದರೆ ಉಳಿತಾಯ 3600 ರೂಪಾಯಿ, ಏಳು ವರ್ಷದಲ್ಲಿ ಅಂತರ ತುಂಬುತ್ತದೆ. ಆಗ ಹೀಟ್ ಪಂಪ್ ಸರಿ. ಡ್ರೈಯರ್ ಇಡುವುದು ಎಸಿ ಓಡುವ ಕೋಣೆಯಲ್ಲೇ ಅಂದರೂ ಹೀಟ್ ಪಂಪ್ ವಾಸಿ. ಏಕೆಂದರೆ ಕಂಡೆನ್ಸರ್ ಚೆಲ್ಲುವ 3 ಯೂನಿಟ್ ಶಾಖವನ್ನು ಹೊರಹಾಕಲು ಎಸಿ ಇನ್ನೊಂದು ಯೂನಿಟ್ ತಿನ್ನುತ್ತದೆ, 30 ಇದ್ದದ್ದು 40 ಆಯಿತು.

ಸ್ಲ್ಯಾಬ್ ಮರೆಯಬೇಡಿ. ಮಹಾರಾಷ್ಟ್ರದಲ್ಲಿ ಮನೆಗಳ ದರ 100, 300, 500 ಯೂನಿಟ್‌ಗಳ ಗಡಿ ದಾಟಿದಂತೆ ಏರುತ್ತದೆ. ಡ್ರೈಯರ್‌ನ ಯೂನಿಟ್‌ಗಳು ಯಾವಾಗಲೂ ನಿಮ್ಮ ಬಿಲ್ಲಿನ ಮೇಲ್ತುದಿಗೆ ಸೇರುತ್ತವೆ. ತಿಂಗಳಿಗೆ 280 ಯೂನಿಟ್ ಬಳಸುವ ಮನೆಗೆ ಹೀಟರ್ ಡ್ರೈಯರ್ ಇನ್ನೊಂದು 50 ಯೂನಿಟ್ ಸೇರಿಸಿದರೆ, ಅದರಲ್ಲಿ 30 ಯೂನಿಟ್ ಮುಂದಿನ ಸ್ಲ್ಯಾಬ್‌ನ ದರದಲ್ಲಿ ಬೀಳುತ್ತವೆ. ಹಾಗಾಗಿ ಸರಾಸರಿ ದರ ಹಿಡಿಯಬೇಡಿ, ನಿಮ್ಮ ಬಿಲ್ಲಿನ ಕೊನೆಯ ಸ್ಲ್ಯಾಬ್‌ನ ದರ ಹಿಡಿಯಿರಿ. ಚೆನ್ನೈಯಲ್ಲಿರುವ ನಮ್ಮವರಿಗೆ ಬಿಲ್ ಎರಡು ತಿಂಗಳಿಗೊಮ್ಮೆ, ಮಳೆಯ ಜೋರು ಅಕ್ಟೋಬರ್‌ನಿಂದ ಡಿಸೆಂಬರ್. ದೆಹಲಿಯವರಿಗೆ ಜನವರಿಯ ಮಂಜಿನಲ್ಲೂ ಇದೇ ಪಾಡು. ತಿಂಗಳು ಬೇರೆ, ಲೆಕ್ಕ ಇದೇ.

ಇನ್ನು ಯಂತ್ರವೇ ಬೇಡ ಅನ್ನುವವರ ಖರ್ಚು ನೋಡೋಣ. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್, ರಾತ್ರಿ ಹತ್ತು ಗಂಟೆ ಓಡಿದರೆ ಮುಕ್ಕಾಲು ಯೂನಿಟ್, ಏಳೂವರೆ ರೂಪಾಯಿ. ಹೊಸ ಬಿಎಲ್‌ಡಿಸಿ ಫ್ಯಾನ್ ಆದರೆ ಮೂರು ರೂಪಾಯಿ. ಫ್ಯಾನ್ ನಿಜಕ್ಕೂ ಅಗ್ಗ, ಒಪ್ಪಲೇಬೇಕು. ಆದರೆ ಆ 3 ಲೀಟರ್ ನೀರು ಕೋಣೆಯ ಗಾಳಿಗೇ ಹೋಗುತ್ತದೆ, ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟಾಗಿ ಕಾಣಿಸಿಕೊಳ್ಳುತ್ತದೆ. ಬಟ್ಟೆ ಒಣಗಿಸಲೆಂದೇ ಎಸಿ ಹಾಕುವವರಂತೂ ಡ್ರೈಯರ್‌ಗಿಂತ ಹೆಚ್ಚು ಕಟ್ಟುತ್ತಿದ್ದಾರೆ. ಒಂದೂವರೆ ಟನ್ನಿನ ಎಸಿ ಗಂಟೆಗೆ ಒಂದು ಯೂನಿಟ್ ತೆಗೆದುಕೊಂಡರೂ ಆರು ಗಂಟೆಗೆ 60 ರೂಪಾಯಿ. ಹೇಗೂ ಮಲಗಲು ಹಾಕಿದ ಎಸಿ ಆದರೆ ಆ ಮಾತು ಬೇರೆ.

ಎಲ್ಲಕ್ಕಿಂತ ಅಗ್ಗವಾಗಿ ನೀರು ತೆಗೆಯುವುದು ನಿಮ್ಮ ವಾಷಿಂಗ್ ಮಷಿನ್‌ನ ಸ್ಪಿನ್. 800 ಆರ್‌ಪಿಎಂನಲ್ಲಿ ಬಟ್ಟೆಯ ತೂಕದ 70 ಶೇಕಡಾ ನೀರು ಉಳಿದರೆ, 1400ರಲ್ಲಿ 50 ಶೇಕಡಾ ಹತ್ತಿರ ಉಳಿಯುತ್ತದೆ. 5 ಕಿಲೋ ಬಟ್ಟೆಗೆ ಒಂದು ಲೀಟರ್ ಕಡಿಮೆಯಾಯಿತು. ಸ್ಪಿನ್‌ಗೆ ಹೆಚ್ಚಿಗೆ ಹೋದದ್ದು ಒಂದು ರೂಪಾಯಿಯೂ ಅಲ್ಲ, ಡ್ರೈಯರ್‌ನಲ್ಲಿ ಉಳಿದದ್ದು ಹತ್ತು ರೂಪಾಯಿ. ಬಟ್ಟೆ ಸುಕ್ಕಾಗುತ್ತದೆ ಅಂತ ಸ್ಪಿನ್ ಕಡಿಮೆ ಇಡುವವರು ಟವೆಲ್, ಬೆಡ್‌ಶೀಟ್, ಜೀನ್ಸ್‌ಗಾದರೂ ಏರಿಸಿ.

ನನಗೆ ಇಷ್ಟವಾದ ದಾರಿ ನಡುವಿನದು. ರಾತ್ರಿ ನೀವು ಮಲಗುವ ಕೋಣೆಯ ಫ್ಯಾನ್ ಹೇಗೂ ಓಡುತ್ತದೆ. ಕಿಟಕಿ ಸ್ವಲ್ಪ ತೆರೆದು ಬಟ್ಟೆ ಹರಡಿ. ಬೆಳಿಗ್ಗೆಗೆ 3ರಲ್ಲಿ 2 ಲೀಟರ್ ಹೋಗಿರುತ್ತದೆ ಅಂತಿಟ್ಟುಕೊಳ್ಳಿ. ಉಳಿದ ಆ ಜಿಗುಟು ತೇವ, ಮಳೆಗಾಲದಲ್ಲಿ ಎರಡು ದಿನವಾದರೂ ಹೋಗದೆ ವಾಸನೆ ಹುಟ್ಟಿಸುವ ತೇವ, ಅದನ್ನು ಮಾತ್ರ ಡ್ರೈಯರ್‌ಗೆ ಕೊಡಿ. 30 ರೂಪಾಯಿಯ ಕೆಲಸ ಹತ್ತು ಹನ್ನೆರಡಕ್ಕೆ ಮುಗಿಯುತ್ತದೆ.

ಹೆಂಗಸರೇ ಇರುವ ಸಭೆ ಇದು, ಒಂದು ವಿಷಯ ನೇರವಾಗಿ ಹೇಳುತ್ತೇನೆ. ನಮ್ಮ ಒಳ ಉಡುಪು ಎಲ್ಲಿ ಒಣಗುತ್ತದೆ? ಟವೆಲ್ ಕೆಳಗೆ, ನೈಟಿಯ ಹಿಂದೆ, ಗಾಳಿ ತಾಗದ ಮೂಲೆಯಲ್ಲಿ. ಯಾರಿಗೂ ಕಾಣಬಾರದು. ಮಳೆಗಾಲದಲ್ಲಿ ಅರ್ಧ ಒಣಗಿದ್ದನ್ನೇ ಹಾಕಿಕೊಂಡು ಲೋಕಲ್ ಹತ್ತಿ ಇಡೀ ದಿನ ಓಡಾಡುತ್ತೇವೆ. ಹುಳುಕಡ್ಡಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಡ. ಮನೆಮಂದಿಯ ಒಳ ಉಡುಪು, ಮಕ್ಕಳ ಬನಿಯನ್ನು, ಸಾಕ್ಸು ಎಲ್ಲ ಸೇರಿ ಒಂದು ಕಿಲೋ ಅಂದುಕೊಂಡರೂ ನೀರು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಯಂತ್ರ ಕಾಯುವ ನಷ್ಟ ಸೇರಿಸಿದರೂ ಹತ್ತು ರೂಪಾಯಿ ದಾಟುವುದಿಲ್ಲ. ಒಂದು ಟ್ಯೂಬ್ ಮುಲಾಮಿನ ಬೆಲೆ ಇದಕ್ಕಿಂತ ಎಷ್ಟು ಪಟ್ಟು ಅಂತ ನಿಮಗೇ ಗೊತ್ತು. ಬಿಲ್ ಬಗ್ಗೆ ಮಾತು ಬಂದಾಗ ಈ ಸಾಲನ್ನೂ ಲೆಕ್ಕಕ್ಕೆ ಸೇರಿಸಿ.

ಕೊಂಡ ಮೇಲೆ ಖರ್ಚು ಏರುವುದು ಹೆಚ್ಚಾಗಿ ಎಳೆ ಹಿಡಿಯುವ ಜಾಲರಿಯಿಂದ. ಪ್ರತಿ ಸಲವೂ ಅದನ್ನು ಬಿಡಿಸಿ. ತುಂಬಿಕೊಂಡರೆ ಗಾಳಿ ಓಡುವುದಿಲ್ಲ, ಸಮಯ ಎಳೆಯುತ್ತದೆ, ಹೀಟರ್ ಇರುವ ಯಂತ್ರದಲ್ಲಿ ಬೆಂಕಿಯ ಭಯವೂ ಇದೆ. ತೇವದ ಸೆನ್ಸರ್ ಇರುವ ಮಾದರಿಯಾದರೆ ಒಣಗಿದ ಕೂಡಲೇ ತಾನೇ ನಿಲ್ಲುತ್ತದೆ, ಟೈಮರ್ ಮಾತ್ರ ಇದ್ದರೆ ಒಣಗಿದ ಬಟ್ಟೆಯನ್ನೇ ಅರ್ಧ ಗಂಟೆ ಕಾಯಿಸುತ್ತಿರುತ್ತದೆ. ಇಸ್ತ್ರಿ ಮಾಡುವ ಬಟ್ಟೆಯನ್ನು ಸ್ವಲ್ಪ ತೇವ ಇರುವಾಗಲೇ ತೆಗೆಯಿರಿ. ಹೀಟರ್ ಡ್ರೈಯರ್ 2000 ವಾಟ್‌ಗಿಂತ ಹೆಚ್ಚು ಎಳೆಯುತ್ತದೆ, 16 ಆಂಪಿಯರ್ ಪ್ಲಗ್ ಬೇಕು, ಗೀಸರ್ ಜೊತೆ ಒಂದೇ ಲೈನಿನಲ್ಲಿ ಬೇಡ.

ಹಿಂದಿನ ಸಾಲಿನಿಂದ ಒಬ್ಬರು ಸೀರೆ ಹಾಕಬಹುದೇ ಅಂತ ಚೀಟಿ ಕಳಿಸಿದ್ದಾರೆ. ದಿನ ಉಡುವ ಕಾಟನ್ ಸೀರೆ ಹಾಕಬಹುದು, ಆದರೆ ಒಂದೇ ಹಾಕಿದರೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ, ಜೊತೆಗೆ ಎರಡು ಟವೆಲ್ ಇರಲಿ. ರೇಷ್ಮೆ, ಜರಿ ಖಂಡಿತ ಬೇಡ. ಅವು ಫ್ಯಾನ್ ಕೆಳಗೇ ಇರಲಿ, ಏಳೂವರೆ ರೂಪಾಯಿಗೆ.