ಪೈಪ್ ನೋಡಿ ಒಳಗಿನ ವೈರ್ ಹೇಳೋಕಾಗಲ್ಲ
(ವಾರ್ಷಿಕ ಸಮಾವೇಶದಲ್ಲಿ ಆಡಿದ ಮಾತು)

ಮೋಲ್ನ್‌ಡಾಲ್‌ನಲ್ಲಿ ವೈರಿಂಗ್ ಮಾಡಿಕೊಂಡಿರೋ ಐಟಿಐ ಹುಡುಗ ಕಂಪ್ಯೂಟರ್ ಬಗ್ಗೆ ಏನು ಮಾತಾಡ್ತಾನೆ ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಕಳೆದ ಚಳಿಗಾಲದಲ್ಲಿ ನಾನೊಂದು ವಿಡಿಯೊ ಅಳಿಸಿಬಿಡೋದರಲ್ಲಿದ್ದೆ. ಅದಕ್ಕೇ ಈ ಮಾತು.

ನಮ್ಮಪ್ಪ ತೀರಿಕೊಂಡು ಎರಡು ವರ್ಷ. ಅದಕ್ಕೂ ಮುಂಚಿನ ದೀಪಾವಳೀಲಿ ತಿಪಟೂರು ಹತ್ತಿರದ ನಮ್ಮ ತೋಟದಲ್ಲಿ ಅಕ್ಕನ ಮಗ ನಾಲ್ಕು ನಿಮಿಷ ವಿಡಿಯೊ ತೆಗೆದಿದ್ದ. ಅಪ್ಪ ಬೋರ್‌ವೆಲ್ ಸ್ಟಾರ್ಟರ್ ಮುಂದೆ ನಿಂತು, "ಲೇ, ಇದ್ರೊಳಗೆ ಇಲಿ ಹೋಗೈತೆ, ನಿನ್ನ ಐಟಿಐ ಏನು ಹೇಳುತ್ತೆ?" ಅಂತ ನನ್ನನ್ನ ರೇಗಿಸ್ತಾರೆ. ಆ ಫೈಲ್ ಪೆನ್‌ಡ್ರೈವ್‌ನಲ್ಲಿ ನನ್ನ ಜೊತೆ ಬಂತು. ಹುಡುಗ ಆಮೇಲೆ ಫೋನ್ ಮಾರಿಬಿಟ್ಟ. ಉಳಿದಿದ್ದು ಅದೊಂದೇ.

ಇಲ್ಲಿ ಹಳೇ ಲ್ಯಾಪ್‌ಟಾಪ್‌ಗೆ ಹಾಕಿದರೆ ಅಪ್ಪನ ದನಿ ಕೇಳುತ್ತೆ, ಚಿತ್ರ ಪೂರ್ತಿ ಕಪ್ಪು. ಹೆಸರಿನ ಕೊನೆಯ ಎಂಪಿ4 ತೆಗೆದು ಎವಿಐ ಅಂತ ಬರೆದೆ. ಬೋರ್ಡ್ ಬದಲಾಯಿಸಿದರೆ ಅಂಗಡಿ ಬದಲಾಗುತ್ತಾ? ಫೈಲ್ ಕೆಟ್ಟಿದೆ ಅಂದುಕೊಂಡೆ. ಆಗ ಜೊತೇಲಿ ಕೆಲಸ ಮಾಡೋ ಬೀದರ್ ಹುಡುಗ, "ಅಣ್ಣ, ತಡೀರಿ, ವಿಎಲ್‌ಸಿ ಹಾಕಿ ನೋಡ್ರಿ" ಅಂದ. ಹಾಕಿದೆ. ಅಪ್ಪ ಕಂಡರು. ಹೆಗಲ ಮೇಲಿನ ಟವಲ್ ಸಮೇತ.

ಆಮೇಲೆ ಕೂತು ತಿಳಿದುಕೊಂಡೆ. ಎಂಪಿ4 ಅನ್ನೋದು ಬರೀ ಪೈಪ್. ಗೋಡೆ ಮೇಲಿನ ಪಿವಿಸಿ ಪೈಪ್ ನೋಡಿ ಒಳಗೆ ಯಾವ ವೈರ್ ಇದೆ ಅಂತ ಹೇಳೋಕಾಗುತ್ತಾ? ಈ ಪೈಪ್ ಒಳಗೆ ಚಿತ್ರ ಒಂದು ವೈರ್, ಧ್ವನಿ ಇನ್ನೊಂದು. ಚಿತ್ರವನ್ನು ಕುಗ್ಗಿಸೋ ವಿಧಾನಕ್ಕೆ ಕೋಡೆಕ್ ಅಂತಾರೆ. 2003ರ ಎಚ್.264 ಹೆಚ್ಚುಕಡಿಮೆ ಎಲ್ಲ ಕಡೆ ಓಡುತ್ತೆ. 2013ರ ಎಚ್.265, ಅಂದರೆ ಎಚ್‌ಇವಿಸಿ, ಹಳೇ ಯಂತ್ರಗಳಿಗೆ ಅರ್ಥವಾಗಲ್ಲ. ನನ್ನ ಫೈಲ್‌ನಲ್ಲಿ ಇದ್ದಿದ್ದು ಅದೇ.

ಕುಗ್ಗಿಸೋದು ಯಾಕೆ? ಫುಲ್ ಎಚ್‌ಡಿ ಚಿತ್ರ ಒಂದಕ್ಕೆ 1920 ಅಡ್ಡ, 1080 ಉದ್ದದ ಚುಕ್ಕೆಗಳು, ಚುಕ್ಕೆಗೆ 3 ಬೈಟ್, ಸೆಕೆಂಡಿಗೆ 30 ಚಿತ್ರ. ಕುಗ್ಗಿಸದೇ ಇಟ್ಟರೆ ಒಂದು ನಿಮಿಷಕ್ಕೆ ಸುಮಾರು 11 ಜಿಬಿ! ಐಫೋನ್‌ನಲ್ಲಿ ಅದೇ ನಿಮಿಷ ಎಚ್.264ಗೆ ಸುಮಾರು 130 ಎಂಬಿ, ಎಚ್‌ಇವಿಸಿಗೆ 60 ಎಂಬಿ. ಹಿಂದಿನ ಚಿತ್ರಕ್ಕಿಂತ ಬದಲಾದದ್ದನ್ನಷ್ಟೇ ಬರೆದಿಡ್ತಾರೆ, ಕಣ್ಣಿಗೆ ಕಾಣದ ಸೂಕ್ಷ್ಮಗಳನ್ನ ಬಿಟ್ಟುಬಿಡ್ತಾರೆ.

ಈ ಬಿಡೋ ಲೆಕ್ಕದ ಮೂಲ ನಮ್ಮೂರಿನವರದು ಅಂತ ತಿಳಿದಾಗ ನನಗೆ ಖುಷಿಯೋ ಖುಷಿ. ಬೆಂಗಳೂರಲ್ಲಿ 1940ರಲ್ಲಿ ಹುಟ್ಟಿ, ಈಗ ನಾವು ಯುವಿಸಿಇ ಅನ್ನೋ ಕಾಲೇಜಲ್ಲಿ ಓದಿದ ನಾಸಿರ್ ಅಹ್ಮದ್. 1972ರಲ್ಲಿ ಅಮೆರಿಕದಲ್ಲಿ ಈ ಕೆಲಸಕ್ಕೆ ಹಣ ಕೇಳಿದರೆ, ವಿಚಾರ ತೀರಾ ಸರಳ ಅಂತ ಕೊಡಲಿಲ್ಲವಂತೆ. 1974ರಲ್ಲಿ ಟಿ. ನಟರಾಜನ್, ಕೆ.ಆರ್. ರಾವ್ ಜೊತೆ ಪ್ರಕಟಿಸಿದರು. ಇವತ್ತಿನ ಜೆಪೆಗ್ ಫೋಟೊ, ಈ ವಿಡಿಯೊಗಳು ಎಲ್ಲ ಅದರ ಮೇಲೇ ನಿಂತಿವೆ.

ಇನ್ನು ಕೆಲಸದ ಮಾತು. ಮೊದಲು ವಿಎಲ್‌ಸಿ. ಅದಕ್ಕೆ ದುಡ್ಡಿಲ್ಲ, ಹೆಚ್ಚಿನ ಕೋಡೆಕ್‌ಗಳು ಅದರೊಳಗೇ ಇರ್ತವೆ. ಊರಿನ ಹಳೇ ಟಿವಿಗೆ ಬೇಕಾದರೆ ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಪ್ರೋಗ್ರಾಂನಲ್ಲಿ ಎಚ್.264ಗೆ ಬದಲಾಯಿಸಿ, ಆದರೆ ಮೂಲ ಫೈಲ್ ಅಳಿಸಬೇಡಿ. ಪ್ರತಿ ಸಲ ಬದಲಾಯಿಸಿದಾಗಲೂ ಸ್ವಲ್ಪ ಗುಣಮಟ್ಟ ಹೋಗುತ್ತೆ. ವಾಟ್ಸಾಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೂ ಅದೇ ಕಥೆ, ಡಾಕ್ಯುಮೆಂಟ್ ಅಂತ ಕಳಿಸಿ ಅಂತ ಮನೆಯವರಿಗೆ ಹೇಳಿ. ವಿಎಲ್‌ಸಿಯಲ್ಲೂ ತೆರೆಯದಿದ್ದರೆ ಕಾಪಿ ಅರ್ಧಕ್ಕೇ ನಿಂತಿದೆಯಾ ನೋಡಿ. ಎಂಪಿ4ನ ಒಳಗಿನ ಪಟ್ಟಿ ಎಷ್ಟೋ ಸಲ ಫೈಲ್‌ನ ಕೊನೇಲಿರುತ್ತೆ, ಬಾಲ ತುಂಡಾದರೆ ಪೂರ್ತಿ ಮುಚ್ಚಿಕೊಳ್ಳುತ್ತೆ. ಮತ್ತೆ ಕಾಪಿ ಮಾಡಿದರೆ ಸರಿಹೋಗಬಹುದು.

ನಾನೀಗ ಅಪ್ಪನ ಫೈಲ್‌ನ ಮೂರು ಕಡೆ ಇಟ್ಟಿದ್ದೀನಿ, ಒಂದು ಊರಲ್ಲಿ ಅಕ್ಕನ ಹತ್ತಿರ. ತೆರೆಯದ ವಿಡಿಯೊ ಯಾರ ಹತ್ತಿರ ಇದ್ದರೂ ತನ್ನಿ. ಊಟ ಆದ ಮೇಲೆ ಬಾಗಿಲ ಪಕ್ಕದ ಮೇಜಿನ ಹತ್ತಿರ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರ್ತೀನಿ.