ಇಂಗ್ಲಿಷಿನ ಅಲಂಕಾರ, ಮನೆಯ ಕನ್ನಡ

ಧಾರೂರು, ತಾಂಡೂರು ಸೀಮೆಯ ಪೋಷಕ ಬಂಧುಗಳೇ,

‘ಕನ್ನಡ ಶಾಲೆಗೆ ಹಾಕಿದರೆ ಮಗುವಿಗೆ ಇಂಗ್ಲಿಷ್ ಹತ್ತುವುದಿಲ್ಲ’ ಎಂಬ ಮಾತನ್ನು ತಾವು ಬಹಳ ಸಲ ಕೇಳಿದ್ದೀರಿ. ಇಂಗ್ಲಿಷ್ ವ್ಯಾಕರಣದಲ್ಲಿ ಕಠಿಣವೆಂದು ಹೆಸರಾದ ‘ಫಿಗರ್ಸ್ ಆಫ್ ಸ್ಪೀಚ್’, ಅಂದರೆ ಅಲಂಕಾರಗಳನ್ನೇ ತೆಗೆದುಕೊಂಡು ಈ ಮಾತನ್ನು ಒರೆಗೆ ಹಚ್ಚೋಣ.

‘ಆಸ್ ಬ್ರೇವ್ ಆಸ್ ಎ ಲಯನ್’ ಎಂಬುದು ಸಿಮಿಲಿ, ನಮ್ಮ ಉಪಮೆ. ಸಿಂಹದಂತೆ ಧೈರ್ಯವಂತ ಎನ್ನುವಾಗ ಮನುಷ್ಯ ಬೇರೆ, ಸಿಂಹ ಬೇರೆ. ‘ಹೀ ಈಸ್ ಎ ಲಯನ್’ ಎಂದರೆ ಆ ‘ಅಂತೆ’ ಬಿದ್ದುಹೋಗಿ ಅವನೇ ಸಿಂಹವಾಗುತ್ತಾನೆ. ಮಾತಿಗೆ ಬಲ ಬರುತ್ತದೆ. ಅದು ಮೆಟಫರ್, ನಮ್ಮ ರೂಪಕ. ‘ಪಾಸ್ಡ್ ಅವೇ’ ಎಂಬುದು ನಮ್ಮ ‘ತೀರಿಕೊಂಡರು’. ಸಾವಿನ ಸುದ್ದಿಯನ್ನು ಮೆತ್ತಗೆ ಹೇಳುವ ರೀತಿ. ಕೊಡ ಒಡೆದ ಹುಡುಗನಿಗೆ ತಾಯಿ ‘ಭಾಳ ಚಲೋ ಕೆಲಸ ಮಾಡಿದಿ ನೋಡಪ್ಪ’ ಎಂದರೆ ಅವನು ಹಿಗ್ಗುತ್ತಾನೆಯೇ? ಐರನಿ ಎಂಬ ಹೆಸರು ತಿಳಿಯದಿದ್ದರೂ ಅದರ ಪೆಟ್ಟು ಅವನಿಗೆ ತಿಳಿದಿದೆ.

ಈ ವಿದ್ಯೆ ನಮಗೆ ಹೊಸದಲ್ಲ. ತಾಂಡೂರಿನ ಕಾಗಿಣಾ ಹೊಳೆಯೇ ಮುಂದೆ ಮಳಖೇಡದ ಬಳಿ ಹರಿಯುತ್ತದೆ. 9ನೆಯ ಶತಮಾನದಲ್ಲಿ ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದ ‘ಕವಿರಾಜಮಾರ್ಗ’ ಅಲಂಕಾರಗಳನ್ನು ವಿವರಿಸುವ ಕನ್ನಡ ಗ್ರಂಥ.

ನಿಜವಾದ ತೊಡಕು ಬೇರೆ ಕಡೆ ಇದೆ. ಇಂಗ್ಲೆಂಡ್ ಚಳಿಯ ದೇಶ. ಅವರಿಗೆ ಬಿಸಿಯೇ ಪ್ರೀತಿ. ಆದ್ದರಿಂದ ‘ವಾರ್ಮ್ ವೆಲ್‌ಕಮ್’. ನಮ್ಮಲ್ಲಿ ಹಿರಿಯರು ಹರಸುವುದು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು. ಷೇಕ್ಸ್‌ಪಿಯರ್ ತನ್ನ 18ನೆಯ ಸಾನೆಟ್ಟಿನಲ್ಲಿ ಪ್ರಿಯವ್ಯಕ್ತಿಯ ಪಕ್ಕದಲ್ಲಿ ಬೇಸಿಗೆಯ ದಿನವನ್ನಿಟ್ಟು ನೋಡುತ್ತಾನೆ. ಹಾಸುಬಂಡೆಯ ಗಣಿಗಳಿರುವ ತಾಂಡೂರಿನ ಮೇ ತಿಂಗಳ ಬಿಸಿಲು ಕಂಡ ಮಗುವಿಗೆ ಅದು ಹೊಗಳಿಕೆಯೋ ಬೈಗುಳವೋ? ಪದಕೋಶ ಇದನ್ನು ಹೇಳುವುದಿಲ್ಲ. ಅಲ್ಲಿಯ ಬೇಸಿಗೆ ಹಿತವಾದದ್ದು ಎಂದು ಯಾರಾದರೂ ಮಗುವಿನ ಭಾಷೆಯಲ್ಲಿಯೇ ಬಿಡಿಸಿ ಹೇಳಬೇಕು. ಹಾಗೆ ಹೇಳದೆ ಉರು ಹೊಡೆಸಿದರೆ ಪರೀಕ್ಷೆಗೆ ಅಂಕ ಬಂದೀತು, ಕವಿತೆ ಬಾರದು.

ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲೂಕು ಆಂಧ್ರಪ್ರದೇಶಕ್ಕೆ ಸೇರಿದ್ದು 1956ರಲ್ಲಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷ. ಇಂಗ್ಲಿಷನ್ನು ಬಿಡಿಸಿ ಹೇಳುವ ಕನ್ನಡ ಮೇಷ್ಟ್ರನ್ನು ಕೇಳುವುದು ಇಂಗ್ಲಿಷಿಗೆ ಬೆನ್ನು ತೋರಿಸಿದಂತಲ್ಲ. ಶಾಲೆಯ ಪೋಷಕರ ಸಭೆಯಲ್ಲಿ ತಾವು ಅಂಜದೆ ಕೇಳಿರಿ.

ಮನೆಯಲ್ಲಿ ತಾವು ಮಾಡಬಹುದಾದದ್ದೂ ಇದೆ. ಅದಕ್ಕೆ ಇಂಗ್ಲಿಷ್ ಬರಬೇಕಿಲ್ಲ. ಮಗು ‘ಆಸ್ ವೈಸ್ ಆಸ್ ಆ್ಯನ್ ಔಲ್’ ಎಂದು ಓದಿದಾಗ ಅರ್ಥ ಕೇಳಿರಿ. ಗೂಬೆಯಷ್ಟು ಬುದ್ಧಿವಂತ ಎಂದೀತು. ಗೂಬೆ ಎಂದರೆ ನಮ್ಮಲ್ಲಿ ಬೈಗುಳವಲ್ಲವೇ? ತಾವೂ ನಗಿರಿ, ಮಗುವೂ ನಗಲಿ. ಆಮೇಲೆ ‘ಹಾಗಾದರೆ ನಮ್ಮ ಕಡೆ ಜಾಣನನ್ನು ಯಾವುದಕ್ಕೆ ಹೋಲಿಸೋಣ?’ ಎಂದು ಕೇಳಿರಿ.